ಹಿಟ್ಟು ಹೆಚ್ಚೈತಿ

ತಳಕಲ್ಲಿನ ಕಳಕಮ್ಮನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದರೆ ರೊಟ್ಟಿಯಿಂದಲೇ ಶುರು ಮಾಡಬೇಕು, ಬೇರೆ ದಾರಿಯೇ ಇಲ್ಲ. ವಯಸ್ಸು ಐವತ್ತೆಂಟು, ಅದರಲ್ಲಿ ಐವತ್ತು ವರ್ಷ ರೊಟ್ಟಿ ಬಡಿದಿದ್ದಾಳೆ. ಬಡಿಯುವ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಹಿಟ್ಟು ಹೇಗಿದೆ, ನಾದಿದವಳ ಮನಸ್ಸು ಎಲ್ಲಿದೆ, ಎರಡನ್ನೂ ಹೇಳುತ್ತಾಳೆ. ಒಮ್ಮೆ ಮಂಗಳೂರಿಗೆ, ಅಂದರೆ ನಮ್ಮ ಯಲಬುರ್ಗಾ ಕಡೆಯ ಮಂಗಳೂರಿಗೆ, ಸಮುದ್ರದ್ದಕ್ಕಲ್ಲ, ನೆಂಟರ ಮನೆಗೆ ಹೊರಟವಳು ಯಾರದೋ ಬಾಗಿಲ ಮುಂದೆ ಗಕ್ಕನೆ ನಿಂತು, "ಏ ತಂಗಿ, ಎಸರು ಇನ್ನೂ ಕಾದಿಲ್ಲಬೇ, ರೊಟ್ಟಿ ಹರೀತೈತಿ ನೋಡು!" ಎಂದು ಕೂಗಿದಳು. ಒಳಗಿದ್ದವಳು ಮನೆಗೆ ಬಂದು ಮೂರು ದಿನವಾದ ಸೊಸೆ. ಅತ್ತೆಯೇ ಊರ ತುಂಬ ಹೇಳಿಕೊಂಡು ಬಂದಿದ್ದಾಳೆಂದು ತಿಳಿದು ಪಾಪ, ಆ ಹುಡುಗಿ ಅಳುತ್ತಾ ಕೂತಳಂತೆ.

ಇಂಥ ಕಳಕಮ್ಮನ ಕೈಗೆ ಕೊಪ್ಪಳದ ಪ್ರಭುರಾಜ ಸಾವ್ಕಾರರು ಒಂದು ರೊಟ್ಟಿ ಕೇಂದ್ರ ಕೊಟ್ಟು ಏಳು ವರ್ಷವಾಗಿತ್ತು. ತಗಡಿನ ಮಾಡು, ಹನ್ನೊಂದು ಒಲೆ, ಹನ್ನೊಂದು ಹೆಂಗಸರು, ಅವರ ಮೇಲೆ ಕಳಕಮ್ಮ. ಇಲ್ಲಿ ಬಡಿದ ಖಡಕ್ ರೊಟ್ಟಿ ಕೊಪ್ಪಳದ ಅವರ ಅಂಗಡಿಗೂ ಗಂಗಾವತಿ, ಕುಷ್ಟಗಿಯ ಲಗ್ನದ ಮನೆಗಳಿಗೂ ಹೋಗುತ್ತಿತ್ತು. ವಹಿ ಇಲ್ಲ, ಪುಸ್ತಕ ಇಲ್ಲ. ಯಾರಿಗೆ ಜ್ವರ, ಯಾವ ಚೀಲದ ಹಿಟ್ಟು ಮೊದಲು ಬಿಚ್ಚಬೇಕು, ಯಾವ ಊರಿಗೆ ಎಷ್ಟು ರೊಟ್ಟಿ, ಎಲ್ಲವೂ ಕಳಕಮ್ಮನ ತಲೆಯಲ್ಲಿ. ತಲೆ ಒಂದೇ ಆದ್ದರಿಂದ ಒಮ್ಮೊಮ್ಮೆ ತಪ್ಪುತ್ತಿತ್ತು. ಹೋದ ವರ್ಷ ಗಂಗಾವತಿಯ ಒಂದು ಗೃಹಪ್ರವೇಶಕ್ಕೆ ಇನ್ನೂರು ರೊಟ್ಟಿ ಕಡಿಮೆ ಬಿದ್ದು, ಸಾವ್ಕಾರರು ಬೀಗರ ಮುಂದೆ ತಲೆ ತಗ್ಗಿಸಬೇಕಾಯಿತು.

ಆಮೇಲೊಂದು ದಿನ ಬಂದವರೇ ಕಳಕಮ್ಮನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದರು.

"ಕಳಕವ್ವ, ಹುಬ್ಬಳ್ಳ್ಯಾಗ ರೊಟ್ಟಿ ಮಷೀನ್ ನೋಡಿ ಬಂದೆ. ಹಿಟ್ಟು ಹಾಕಿದ್ರ ಮುಗಿತು, ರೊಟ್ಟಿ ಬುಡುಬುಡು ಬೀಳತಾವ. ಮುಂದಿನ ಮಾಘದಾಗ ಕುಷ್ಟಗಿಯೊಳಗ ದೊಡ್ಡ ಲಗ್ನ ಐತಿ. ಐದು ಸಾವಿರ ರೊಟ್ಟಿ. ಹೇಳಿದ ಹೊತ್ತಿಗೆ, ಒಂದೂ ಕಡಿಮಿ ಬೀಳದಂಗ ಕೊಟ್ರಿ ಅಂದ್ರ ಒಲಿ ಇರತಾವ. ಇಲ್ಲಾಂದ್ರ ಮಷೀನ್ ಬರತೈತಿ. ನನಗೂ ಬ್ಯಾರೆ ದಾರಿ ಇಲ್ಲವ್ವ. ಅಲ್ಲೀತನಕ ನಮ್ಮ ಅಣ್ಣನ ಮಗಳನ್ನ ಕಳಸ್ತೀನಿ. ಎಂಬಿಎ ಓದ್ಯಾಳ. ನಿಮ್ಮನ್ನ ಸುಧಾರಸ್ತಾಳ."

ಸುಧಾರಿಸುವ ಮಾತು ಕಳಕಮ್ಮನಿಗೆ ನಾಟಲಿಲ್ಲ. ಮಷೀನಿನ ಮಾತು ನಾಟಿತು. ಆದರೆ ಒಳಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಹನ್ನೊಂದು ಮಂದಿಯ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ರೊಟ್ಟಿ ಹರಿಯುತ್ತದೆ. "ಸಾವ್ಕಾರ್ರು ಏನಂದ್ರಬೇ ಅಕ್ಕಾ?" ಎಂದು ಸುಂಕಲಮ್ಮ ಕೇಳಿದಾಗ, "ಆರಾಮ ಅದೀರೇನು ಅಂದ್ರು," ಎಂದು ಎಸರಿನ ಬೋಗುಣಿ ಎತ್ತಿಕೊಂಡಳು.

ಐಶ್ವರ್ಯ ಬಂದಳು. ಒಳ್ಳೆಯ ಹುಡುಗಿ, ಮಾತಿಗೆ ಮೊದಲು ನಗುವವಳು. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದದ್ದರಿಂದ ಮಾತು ನಮ್ಮ ಕಡೆಯದೇ ಆದರೂ ಅಡುಗೆಮನೆಯ ಮಾತು ಆಕೆಯ ಕಿವಿಗೆ ಬಿದ್ದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ನಾವು ಇನ್ಮುಂದ ಅಜೈಲ್ ಪದ್ಧತಿಯೊಳಗ ಕೆಲಸ ಮಾಡೋಣ್ರಿ," ಎಂದಳು.

ಸುಂಕಲಮ್ಮನ ಕೈ ಪರಾತದಲ್ಲೇ ನಿಂತಿತು. "ಆ ಜೈಲಾ? ಯಾವ ಜೈಲ್ರಿ ಅದು, ಬಳ್ಳಾರಿದೇನು? ನಾವೇನು ಮಾಡೀವಿ ತಾಯಿ?"

ಜೈಲಲ್ಲ, ದೊಡ್ಡ ಕೆಲಸವನ್ನು ಸಣ್ಣಸಣ್ಣದಾಗಿ ಒಡೆದುಕೊಂಡು, ದಿನಾ ಒಬ್ಬರಿಗೊಬ್ಬರು ಹೇಳಿಕೊಂಡು, ತಪ್ಪಾದದ್ದನ್ನು ಬೇಗ ತಿದ್ದಿಕೊಂಡು ಹೋಗುವ ರೀತಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಹುಡುಗಿಯ ಗಂಟಲು ಒಣಗಿತು. ಎಲ್ಲರೂ ಹೂಂ ಎಂದರು. ನಮ್ಮ ಕಡೆ ಹೂಂ ಎನ್ನುವುದಕ್ಕೂ ತಿಳಿಯುವುದಕ್ಕೂ ಸಂಬಂಧವಿಲ್ಲ.

ಮೊದಲು ಬಂದದ್ದು ನಿಂತ ಮೀಟಿಂಗು. ಬೆಳಿಗ್ಗೆ ಏಳಕ್ಕೆ ಎಲ್ಲರೂ ನಿಂತುಕೊಂಡೇ ಕಾಲು ಗಂಟೆ ಮಾತಾಡಬೇಕು, ಕೂತರೆ ಮಾತು ಬೆಳೆಯುತ್ತದೆ. ಮರುದಿನ ಕಾಸೀಮಬೀ ಎಂಟಕ್ಕೆ ನಿಧಾನವಾಗಿ ಬಂದಳು. "ಮೀಟಿಂಗ್ ನಿಂತೈತಿ ಅಂತ ಸುಂಕಲವ್ವ ಹೇಳಿದ್ಲು. ನಿಂತ ಮ್ಯಾಲೆ ಲಗೂನ ಬಂದು ಏನು ಮಾಡ್ಲಿ?"

ಆ ಮೀಟಿಂಗಿನಲ್ಲಿ ಪ್ರತಿಯೊಬ್ಬಳೂ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಕೆಲಸಕ್ಕೆ ಅಡ್ಡಿ ಏನು. ಮೊದಲ ಎರಡಕ್ಕೆ ಹನ್ನೊಂದು ಮಂದಿಯದೂ ಒಂದೇ ಉತ್ತರ, "ರೊಟ್ಟಿ." ಮೂರನೆಯದಕ್ಕೆ ಸುಂಕಲಮ್ಮ ಒಂದು ಕ್ಷಣವೂ ತಡೆಯಲಿಲ್ಲ.

"ನನ್ನ ಗಂಡ."

"ಹಂಗಲ್ರಿ, ಕೆಲಸಕ್ಕ ಅಡ್ಡಿ..."

"ಕೆಲಸಕ್ಕ ಹೇಳಾಕತ್ತೀನಿ ತಾಯಿ. ಆರಕ್ಕ ಚಾ ಕೇಳತಾನ. ಆರೂಕಾಲಕ್ಕ ಮತ್ತೊಂದು ಕೇಳತಾನ. ನಾ ಹೊಸ್ತಿಲ ದಾಟಿದ ಕೂಡ್ಲೆ ಮೂರನೇದು ಕೇಳತಾನ. ಬರಕೊಳ್ರಿ, ದ್ಯಾವಪ್ಪ ಅಂತ."

ಐಶ್ವರ್ಯ ಕೆಂಪು ಚೀಟಿಯ ಮೇಲೆ 'ಅಡ್ಡಿ: ದ್ಯಾವಪ್ಪ' ಎಂದು ಬರೆದು ಗೋಡೆಯ ಬೋರ್ಡಿಗೆ ಹಚ್ಚಿದಳು. ಆ ಚೀಟಿ ಮೂರು ತಿಂಗಳು ಅಲ್ಲಾಡಲಿಲ್ಲ. ಉಳಿದವರೆಲ್ಲ "ನಮಗೇನು ಅಡ್ಡಿ ಇಲ್ರಿ" ಎಂದರು. ಕಳಕಮ್ಮನೂ ದಿನಾ ಹಾಗೇ ಎಂದಳು. ಎಂದಾಗಲೆಲ್ಲ ಕಣ್ಣು ಹೊರಗಿನ ಬೇವಿನ ಗಿಡದ ಕಡೆ ಹೋಗುತ್ತಿತ್ತು.

ಬೋರ್ಡಿನ ಮೇಲೆ ಮೂರು ಸಾಲು, ಸಾಲಿನ ತಲೆಗೊಂದು ಚೀಟಿ. 'ಮಾಡೋದೈತಿ', 'ನಡದೈತಿ', 'ಮುಗಿತು'. ಒಬ್ಬೊಬ್ಬಳ ಹೆಸರಿಗೆ ಒಂದೊಂದು ಚೀಟಿ. ಆಕೆಯ ಪಾಲಿನ ರೊಟ್ಟಿ ಆದಂತೆ ಚೀಟಿ ಮುಂದೆ ಹೋಗಬೇಕು. ಮೊದಲ ದಿನ ಸಂಜೆ ನಾಲ್ಕಕ್ಕೆ ಐಶ್ವರ್ಯ ಕಾಸೀಮಬೀಯ ಚೀಟಿಯನ್ನು ಕೊನೆಯ ಸಾಲಿಗೆ ಹಚ್ಚಿ, "ಕಾಸೀಮಬೀ ಮುಗಿತು!" ಎಂದು ಖುಷಿಯಿಂದ ಚಪ್ಪಾಳೆ ತಟ್ಟಿದಳು. ಯಾರೂ ತಟ್ಟಲಿಲ್ಲ. ಕಾಸೀಮಬೀ "ಯಾ ಅಲ್ಲಾ" ಎಂದು ಎದೆ ಮುಟ್ಟಿಕೊಂಡಳು.

"ಏ ಯವ್ವಾ, ಬಿಡ್ತು ಅನ್ನು, ಬಿಡ್ತು ಅನ್ನು!" ಎಂದು ಕಳಕಮ್ಮ ಹಾರಿ ಬಂದಳು. "ಬದುಕಿದ್ದ ಮನುಷ್ಯಾರ ಹೆಸರ ಮುಂದ ಮುಗಿತು ಅಂತ ಬರೀತಾರೇನು? ಒಲಿ ಉರಿಯೋ ಜಾಗಾದಾಗ ಆ ಶಬ್ದ ಬ್ಯಾಡ. ಆ ಚೀಟಿ ಕಿತ್ತು ಒಗಿ."

ಹೀಗಾಗಿ 'ಮುಗಿತು' ಹೋಗಿ, ಹನ್ನೊಂದು ಮಂದಿಯ ಒಪ್ಪಿಗೆಯ ಮೇಲೆ 'ಬುಟ್ಟಿಗೆ ಬಿತ್ತು' ಬಂತು. ಕಿತ್ತ 'ಮುಗಿತು' ಚೀಟಿಯನ್ನು ಐಶ್ವರ್ಯ ತನ್ನ ಡೈರಿಯಲ್ಲಿಟ್ಟುಕೊಂಡಳು.

ಇನ್ನು ಹದಿನೈದು ದಿನಕ್ಕೊಮ್ಮೆ ಹಿಂದಿನದನ್ನು ನೋಡುವ ಸಭೆ. "ಹಿಂದ ಏನೇನು ತಪ್ಪಾಗ್ಯಾವ, ಮನಸ್ಸು ಬಿಚ್ಚಿ ಹೇಳ್ರಿ. ಯಾರೂ ಸಿಟ್ಟಾಗಬಾರ್ದು," ಎಂದಳು ಹುಡುಗಿ. ಈ ಮಾತನ್ನು ಹನ್ನೊಂದು ಹೆಂಗಸರ ಮುಂದೆ ಆಡುವವರು ಒಂದೋ ಭಾರೀ ಗುಂಡಿಗೆಯವರಿರಬೇಕು, ಇಲ್ಲಾ ಎಂಬಿಎ ಓದಿದವರಿರಬೇಕು.

"ನನ್ನ ಮಗಳ ಶಾದಿಗೆ ಸುಂಕಲವ್ವ ಬಂದ್ಲು, ಹೊಟ್ಟಿ ತುಂಬ ಉಂಡ್ಲು, ಆಮ್ಯಾಲೆ ಪಲ್ಯಾದಾಗ ಉಪ್ಪಿಲ್ಲ ಅಂತ ಊರೆಲ್ಲಾ ಹೇಳಿದ್ಲು," ಎಂದು ಕಾಸೀಮಬೀ ಆರಂಭಿಸಿದಳು.

"ಇದು ಯಾವಾಗಿಂದ್ರಿ?" ಐಶ್ವರ್ಯ ಪೆನ್ನು ತೆಗೆದಳು.

"ಒಂಬತ್ತು ವರ್ಷ ಆತು."

"ಉಪ್ಪು ಇರಲಿಲ್ಲಲ್ಲ ಮತ್ತ!" ಎಂದಳು ಸುಂಕಲಮ್ಮ. ಆ ಮಧ್ಯಾಹ್ನ ಒಂದು ರೊಟ್ಟಿಯೂ ಬುಟ್ಟಿಗೆ ಬೀಳಲಿಲ್ಲ.

ಆದರೆ ಸುಳ್ಳು ಯಾಕೆ ಹೇಳಬೇಕು? ಜಗಳ ಎಲ್ಲಾ ಹರಿದು ಹೋದ ಮೇಲೆ ಒಳಗಿನ ಮಾತುಗಳೂ ಹೊರಗೆ ಬಂದವು. ಮೂರನೇ ಒಲೆಯ ಹೊಗೆ ನೇರ ಕಣ್ಣಿಗೆ ಬರುತ್ತದೆಂದು ಆ ಒಲೆಯವಳು ಏಳು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟಳು. ಮಾರನೇ ದಿನವೇ ಒಲೆಯ ಮುಖ ತಿರುಗಿತು. ಮಂಡಿನೋವಿನ ಕಾಸೀಮಬೀಗೆ ಎತ್ತರದ ಒಲೆ ಸಿಕ್ಕಿತು. ತಿಂಗಳು ಕಳೆಯುವುದರೊಳಗೆ ದಿನಕ್ಕೆ ಸಾವಿರದ ಮುನ್ನೂರು ರೊಟ್ಟಿ ಇದ್ದದ್ದು ಸಾವಿರದ ಏಳುನೂರಕ್ಕೆ ಬಂತು. ಈ ಹುಡುಗಿ ಬರೀ ಹರಟೆಯದಲ್ಲ ಎಂದು ಕಳಕಮ್ಮನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅವಳ ಮುಂದೆ ಹೇಳಲಿಲ್ಲ, ಅದು ಬೇರೆ.

ಒಂದು ನಿಯಮ ಮಾತ್ರ ಕಳಕಮ್ಮನಿಗೆ ಒಗ್ಗಲಿಲ್ಲ. ಏನು ಬೇಕಿದ್ದರೂ ಬೋರ್ಡಿನ ಮೇಲೆ ಬರೆಯಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ. ಮೊದಲಾದರೆ ಹಿಟ್ಟು ಬೇಕಾದಾಗ ಟಿಪ್ಪುಸಾಬನಿಗೆ ಫೋನು ಹಚ್ಚುತ್ತಿದ್ದಳು. ಆತ ಕುಕನೂರಿನ ಗಿರಣಿಯಿಂದ ತನ್ನ ಗೂಡ್ಸ್ ಗಾಡಿಯಲ್ಲಿ ತಂದು ಹಾಕುತ್ತಿದ್ದ. ಈಗ ಚೀಟಿ ಬರೆಯಬೇಕು, ಸುಂಕಲಮ್ಮ ಸಂಜೆ ಬೋರ್ಡಿನ ಫೋಟೋ ತೆಗೆದು ಕೊಪ್ಪಳಕ್ಕೆ ಕಳಿಸಬೇಕು, ಅಷ್ಟೊತ್ತಿಗೆ ಬಸ್ಸು ಹಿಡಿದು ಅಲ್ಲಿ ಮನೆ ಸೇರಿದ ಐಶ್ವರ್ಯ ಅದನ್ನು ನೋಡಿ ಟಿಪ್ಪುಸಾಬನಿಗೆ ಹೇಳಬೇಕು. ಮೂಗು ಹಿಡಿಯಲು ಕೈಯನ್ನು ತಲೆ ಸುತ್ತ ತರುವ ಕೆಲಸ. ಆದರೂ ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರಗಳಲ್ಲಿ ಕಳಕಮ್ಮ ಬರೆಯುತ್ತಿದ್ದಳು. 'ಹಿಟ್ಟು ಹತ್ತು ಚೀಲ ಬೇಕು,' 'ಕಟಿಗಿ ಬೇಕು.'

ಮಾಘ ಬಂತು. ಬುಧವಾರ ಕುಷ್ಟಗಿಯ ಐದು ಸಾವಿರಕ್ಕೆ ಒಲೆ ಹೊತ್ತಿದವು. ಶುಕ್ರವಾರ ಸಂಜೆ ಐದಕ್ಕೆ ಸಾವ್ಕಾರರ ಗಾಡಿ ಬರುವುದು, ಶನಿವಾರ ಲಗ್ನ. ಗುರುವಾರ ಸಂಜೆಗೆ ಮೂರು ಸಾವಿರದ ನಾನೂರು ಬುಟ್ಟಿಗೆ ಬಿದ್ದಿದ್ದವು, ಚೀಲಗಳೂ ಬರಿದಾಗಿದ್ದವು. ಕಳಕಮ್ಮ ಕೆಂಪು ಚೀಟಿ ತೆಗೆದುಕೊಂಡು, ಏಳು ವರ್ಷದಲ್ಲಿ ಮೊದಲ ಸಲ ತಳಕ್ಕೆ ಬಂದ ಹಿಟ್ಟಿನ ಬಗ್ಗೆ ಏನು ಬರೆಯಬೇಕೋ ಅದನ್ನೇ ಬರೆದಳು: 'ಹಿಟ್ಟು ಹೆಚ್ಚೈತಿ.'

ಶುಕ್ರವಾರ ಬೆಳಿಗ್ಗೆ ಏಳಾಯಿತು, ಎಸರು ಕುದಿಯಿತು, ಟಿಪ್ಪುಸಾಬ ಬರಲಿಲ್ಲ. ಕಳಕಮ್ಮ ನಿಯಮವನ್ನೆಲ್ಲ ಒಲೆಗೆ ಹಾಕಿ ಫೋನು ಹಚ್ಚಿದಳು.

"ನಾ ಹುಲಿಗ್ಯಾಗ ಅದೀನಲ್ಲಬೇ!" ಎಂದ ಟಿಪ್ಪುಸಾಬ. "ಶುಕ್ರವಾರ, ಗುಡಿ ಮುಂದಿನ ಅಂಗಡಿಗೆ ತೆಂಗಿನಕಾಯಿ ಬಾಡಿಗಿ ಬಂದೀನಿ. ಸಾವ್ಕಾರ್ರ ಮನಿ ಸಣ್ಣ ಅವ್ವಾರು ನಿನ್ನೆ ಹೇಳಿದ್ರು, ಹಿಟ್ಟು ಭಾಳ ಐತಿ, ನಾಳೆ ತರಬ್ಯಾಡ ಅಂತ. ಮತ್ತ ಗಿರಣಿಗೂ ಸಂಜೀತನಕ ಕರೆಂಟ್ ಇಲ್ಲ."

ಅಷ್ಟರಲ್ಲಿ ಐಶ್ವರ್ಯ ಬಸ್ಸಿಳಿದು ನಗುತ್ತಾ ಬಂದಳು. ಹನ್ನೆರಡು ಮುಖ ನೋಡಿ ನಗು ನಿಂತಿತು.

"ನೀವ ಬರದಿದ್ರಲ್ರಿ, ಹೆಚ್ಚೈತಿ ಅಂತ. ಹೆಚ್ಚೈತಿ ಅಂದ್ರ ಜಾಸ್ತಿ ಐತಿ ಅಂತ ಅಲ್ಲೇನ್ರಿ?"

"ಹೆಚ್ಚೈತಿ ಅಂದ್ರ ಇಲ್ಲ ಅಂತ!" ಎಂದು ಹನ್ನೊಂದು ಬಾಯಿ ಒಟ್ಟಿಗೆ ಕೂಗಿದವು.

"ಇಲ್ಲ ಅನ್ನಾಕ ಹೆಚ್ಚೈತಿ ಅಂತೀರಾ?"

"ಮತ್ತ ಒಲಿ ಮುಂದ ನಿಂತು ಹಿಟ್ಟಿಲ್ಲ ಅಂತಾರೇನು? ದೀಪ ಆರಸು ಅಂತೀವೇನು, ದೊಡ್ಡದು ಮಾಡು ಅಂತೀವಿ. ಬಳಿ ಒಡದ್ರೂ ಹೆಚ್ಚಿದ್ವು ಅಂತೀವಿ," ಎಂದಳು ಸುಂಕಲಮ್ಮ.

ಕಳಕಮ್ಮನಿಗೆ ತನ್ನ ತಾಯಿಯ ನೆನಪು ಬಂತು. ಬರಿದಾದ ಮಣ್ಣಿನ ಗಡಿಗೆ ಬೋರಲು ಹಾಕಿ, ಐದು ಮಕ್ಕಳ ಮುಂದೆ, "ಇವತ್ತ ಹಿಟ್ಟು ಹೆಚ್ಚೈತ್ರಪ್ಪಾ" ಎನ್ನುತ್ತಿದ್ದ ತಾಯಿ. ಸಣ್ಣ ಕಳಕಿಗೆ ಆ ಮಾತು ಕೇಳಿದರೆ ಅರ್ಧ ಹೊಟ್ಟೆ ತುಂಬಿದಂತಾಗುತ್ತಿತ್ತು. ಆ ಮಾತನ್ನು ಬಿಡುವುದು ಅವಳಿಂದ ಆಗುವಂಥದ್ದಲ್ಲ. ಆದರೆ ಪಾಪ, ಹಾಸ್ಟೆಲಿನ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಐಶ್ವರ್ಯಳ ಕಣ್ಣು ತುಂಬಿದ್ದವು. "ಕಾಕಾಗ ಫೋನ್ ಮಾಡತೀನಿ. ತಪ್ಪು ನಂದ ಅಂತ ಹೇಳತೀನಿ."

"ಫೋನ್ ಒಳಗಿಡು," ಎಂದಳು ಕಳಕಮ್ಮ. "ಮೊದಲು ನಿಂತ ಮೀಟಿಂಗ್ ಮಾಡೋಣ. ಎಲ್ಲಾರೂ ನಿಂದರ್ರಿ. ಇಷ್ಟು ದಿನ ನನಗೇನು ಅಡ್ಡಿ ಇಲ್ಲ ಅಂತ ಸುಳ್ಳು ಹೇಳೀನಿ. ನನಗೊಂದು ಅಡ್ಡಿ ಐತಿ."

ಬೇವಿನ ಗಿಡದ ಕೆಳಗಿನ ಮಾತನ್ನು ಒಂದೂ ಬಿಡದೆ ಹೇಳಿದಳು. ಇವತ್ತು ಐದಕ್ಕೆ ಐದು ಸಾವಿರ ಆಗದಿದ್ದರೆ ಮಷೀನ್ ಬರುತ್ತದೆ, ಹನ್ನೊಂದು ಒಲೆಯೂ ಹೋಗುತ್ತವೆ ಎಂದಳು. ಹೇಳುತ್ತಾ ಧ್ವನಿ ಒಡೆಯಿತು. ಏಳು ವರ್ಷದಲ್ಲಿ ಕಳಕಮ್ಮ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಹೊಗೆಗೆ ಕಣ್ಣೀರು ಬಂದರೂ ಬೈದು ಒರೆಸಿಕೊಳ್ಳುವ ಹೆಂಗಸು ಅವಳು.

ಯಾರ ಕೈಯೂ ನಡುಗಲಿಲ್ಲ. ಸುಂಕಲಮ್ಮನಿಗಂತೂ ಸಿಟ್ಟು ಬಂತು. "ಮೂರು ತಿಂಗಳು ಒಬ್ಬಾಕಿ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೀಯಲ್ಲ, ನಾವೇನು ಸತ್ತಿದ್ವೇನು? ಬರಿ ತಂಗಿ, ಅಡ್ಡಿ: ಮಷೀನ್ ಅಂತ. ನನ್ನ ಗಂಡನ ಬಾಜೂಕ ಹಚ್ಚು."

ಕಳಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗಿನ ಕಟ್ಟೆ ಏರಿದಳು. ಮಂಗಳೂರಿನ ಸೊಸೆಯನ್ನು ಅಳಿಸಿದ ಅದೇ ಗಂಟಲು ತೆರೆಯಿತು.

"ಯವ್ವಾ, ಕೇಳ್ರೇ! ರೊಟ್ಟಿ ಮನ್ಯಾಗ ಹಿಟ್ಟು ಹೆಚ್ಚೈತ್ರೇ!"

ಓಣಿಯಲ್ಲಿ ಒಬ್ಬರೂ ಅರ್ಥ ಕೇಳಲಿಲ್ಲ. ಬಾಗಿಲುಗಳು ತೆರೆದವು. ಪುಟ್ಟಿಯಲ್ಲಿ, ಡಬ್ಬಿಯಲ್ಲಿ, ಬೋಗುಣಿಯಲ್ಲಿ ಹಿಟ್ಟು ಬರತೊಡಗಿತು. ಸುದ್ದಿ ಕೇಳಿದ ದ್ಯಾವಪ್ಪ ಕುಡಿಯುತ್ತಿದ್ದ ಮೂರನೇ ಚಹಾ ಅರ್ಧಕ್ಕೆ ಬಿಟ್ಟು ಬೈಕ್ ಹತ್ತಿ, ಆಚೆ ಓಣಿಯಿಂದ ಎರಡು ಚೀಲ ಹಿಟ್ಟನ್ನು ಹಿಂದೆ ಕಟ್ಟಿಕೊಂಡು ಬಂದ. ಬಂದವನು ನಾಲ್ಕನೇ ಚಹಾ ಕೇಳಲೂ ಇಲ್ಲ. ಒಂಬತ್ತು ಹೊಡೆಯುವುದರೊಳಗೆ ಕ್ವಿಂಟಲ್ ಮೀರಿತ್ತು.

ಆದರೆ ನಲವತ್ತು ಮನೆಯ ಹಿಟ್ಟು ನಲವತ್ತು ಥರ: ಒಂದು ದಪ್ಪ, ಒಂದು ಸಣ್ಣ, ಒಂದು ಹಳೆಯದಾಗಿ ಅಂಟುವ ಜಿಗಿ ಕಳೆದುಕೊಂಡದ್ದು. ಇಲ್ಲಿ ಐಶ್ವರ್ಯಳ ಚೀಟಿಗಳು ಕೆಲಸಕ್ಕೆ ಬಂದವು. ಪ್ರತಿ ಪಾತ್ರೆಗೆ ಮನೆಯ ಹೆಸರು ಹಚ್ಚಿದಳು, ನಾಳೆ ತಿರುಗಿ ಕೊಡಬೇಕಲ್ಲ. ಕಳಕಮ್ಮ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ "ದಪ್ಪ", "ಸಣ್ಣ", "ಹಳೇದು" ಎಂದು ಹೇಳಿದಂತೆ ಹುಡುಗಿ ಮೂರು ಸಾಲಾಗಿ ಇಟ್ಟಳು. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂಬುದು ಮಾತ್ರ ಕಳಕಮ್ಮನ ಕೈಗೇ ಗೊತ್ತಿತ್ತು. ಹನ್ನೆರಡನೆಯವಳಾಗಿ ತಾನೂ ಮೂರು ಕಲ್ಲಿಟ್ಟು ಹೆಂಚು ಏರಿಸಿದಳು. ಐದಕ್ಕೆ ಗಾಡಿ ಬಂದು ಹಾರ್ನ್ ಹೊಡೆದಾಗ ನಲವತ್ತು ಬಾಕಿ. ಬುಟ್ಟಿ ಏರಿಸುವಷ್ಟರಲ್ಲಿ ಅವೂ ಆದವು. ಸುಂಕಲಮ್ಮ ಬೋರ್ಡಿನ ಹತ್ತಿರ ಹೋಗಿ, ಗಂಡನ ಚೀಟಿಯನ್ನು ಕಿತ್ತು 'ಬುಟ್ಟಿಗೆ ಬಿತ್ತು' ಸಾಲಿಗೆ ಹಚ್ಚಿದಳು. "ಮೂವತ್ತು ವರ್ಷಕ್ಕ ಬಿತ್ತು ನೋಡ್ರಿ," ಎಂದಳು. ದ್ಯಾವಪ್ಪನೂ ನಕ್ಕ.

ಶನಿವಾರ ಮಧ್ಯಾಹ್ನ ಯಾರಿಗೂ ಕೆಲಸವಿರಲಿಲ್ಲ, ಆದರೂ ಎಲ್ಲರೂ ಬಂದು ಒಲೆಗಳ ಮುಂದೆ ಕೂತಿದ್ದರು. ಮಿಶ್ರ ಹಿಟ್ಟಿನ ರೊಟ್ಟಿ. ಬಾಯಿಗೆ ಹತ್ತಿದವೋ ಇಲ್ಲವೋ? ಮೂರು ಗಂಟೆಗೆ ಕಳಕಮ್ಮನ ಫೋನು ಬಡಿದುಕೊಂಡಿತು. ಐಶ್ವರ್ಯ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದಳು. ಹಿಂದೆ ಬಾಜಾಬಜಂತ್ರಿ, ಅದರ ನಡುವೆ ಪ್ರಭುರಾಜರ ಧ್ವನಿ.

"ಕಳಕವ್ವ, ಆ ರೊಟ್ಟಿ... ಹೆಚ್ಚಿದವು ನೋಡವ್ವ."

ಆ ಮಾತು ಆಡಿಕೊಂಡೇ ಹುಟ್ಟಿ ಬೆಳೆದ ಕಳಕಮ್ಮನಿಗೂ ಅವತ್ತು ಅದರ ಅರ್ಥ ತಿಳಿಯಲಿಲ್ಲ. ಯಾರೂ ತಿನ್ನದೆ ಉಳಿದವೋ? ಐಶ್ವರ್ಯ ಫೋನು ಕಸಿದುಕೊಂಡಳು.

"ಕಾಕಾ, ಹೆಚ್ಚಿದವು ಅಂದ್ರ ಉಳದವೋ, ತೀರಿದವೋ? ಬಿಡಿಸಿ ಹೇಳ್ರಿ!"

"ಏ ಹುಚ್ಚಿ, ಲಗ್ನದ ಮನ್ಯಾಗ ನಿಂತೀನಿ. ತೀರಿದವು ಅಂತ ಬಾಯಿ ಬಿಟ್ಟು ಹೆಂಗ ಹೇಳ್ಲಿ?" ಎಂದು ಪ್ರಭುರಾಜರು ಗದರಿದರು. "ಕಡೀ ಪಂಕ್ತಿಗೆ ಸರಿಯಾಗಿ ಬಂದ್ವು. ಬೀಗರು ಊರಿಗೆ ಒಯ್ಯಾಕ ಇನ್ನೂ ಐನೂರು ಕೇಳಾಕತ್ಯಾರ. ಯಾವ ಜೋಳದ್ದು ಹಿಟ್ಟು ಅಂತ ಕೇಳತಾರ, ನಾ ಏನು ಹೇಳ್ಲಿ? ಕಳಕವ್ವಗ ಹೇಳು, ಮಷೀನಿನವಗ ಬರಬ್ಯಾಡ ಅಂದೀನಿ ಅಂತ."

ಕಾಸೀಮಬೀ ಸುಂಕಲಮ್ಮನನ್ನು ತಬ್ಬಿಕೊಂಡಳು. ಒಂಬತ್ತು ವರ್ಷದ ಉಪ್ಪಿನ ಜಗಳ ಅಲ್ಲಿಗೆ ಹರಿಯಿತು. ಐಶ್ವರ್ಯ ಕಣ್ಣೊರೆಸಿಕೊಂಡು ಬೋರ್ಡಿನಿಂದ 'ಅಡ್ಡಿ: ಮಷೀನ್' ಚೀಟಿ ಬಿಡಿಸಿ 'ಬುಟ್ಟಿಗೆ ಬಿತ್ತು' ಸಾಲಿಗೆ ಹಚ್ಚಹೊರಟಳು.

"ತಡಿ," ಎಂದಳು ಕಳಕಮ್ಮ. "ಮೊದಲನೇ ದಿನ ಒಂದು ಚೀಟಿ ಕಿತ್ತು ಒಗಿ ಅಂದಿದ್ನೆಲ್ಲ, ಒಗದೀಯೇನು?"

ಐಶ್ವರ್ಯ ಡೈರಿ ಬಿಚ್ಚಿ ತೋರಿಸಿದಳು. ಚೀಟಿ ಅಲ್ಲೇ ಇತ್ತು.

"ಛಲೋ ಆತು. ಹಚ್ಚು ಅದನ್ನ. ಮಷೀನಿಗೆ ಬುಟ್ಟಿ ಬ್ಯಾಡ," ಎಂದು ಕಳಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಅದು ಮುಗಿತು."